ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಲ್ಲಿರೋ ಸೆತೆ ಸಿದಾದೆಸ್‌ಗೆ ಎರಡು ಸಲ ಹೋದ್ರೂ ಜ್ವಾಲಾಮುಖಿ ಬಾಯೊಳಗಿನ ಕೆರೆ ಕಾಣ್ಲಿಲ್ಲ, ಇನ್ನೊಂದೇ ದಿನ ಉಳಿದಿದೆ ಅಂದಿದ್ದಕ್ಕೆ

ನಿಮಗೆ ಅಡ್ಡ ಬಂದಿದ್ದು ಬಹುಶಃ ಗುಡ್ಡದ ಮೇಲೆ ಕೂತ ಮೋಡ. ವಿಸ್ಟಾ ದೊ ರೇ ವ್ಯೂಪಾಯಿಂಟ್ ಸುಮಾರು 550 ಮೀಟರ್ ಎತ್ತರದಲ್ಲಿ ಜ್ವಾಲಾಮುಖಿ ಬಾಯಿಯ ಅಂಚಲ್ಲೇ ಇದೆ, ಸಮುದ್ರದಿಂದ ಬರೋ ತೇವದ ಗಾಳಿ ಗುಡ್ಡ ಹತ್ತಿ ಅಲ್ಲೇ ಮೋಡ ಆಗ್ಬಿಡುತ್ತೆ, ಕೆಳಗೆ ಪೊಂಟಾ ಡೆಲ್ಗಾಡಾ ಪಟ್ಟಣದಲ್ಲಿ ಬಿಸಿಲಿದ್ರೂ ಅಷ್ಟೇ. ಹಾಗಾಗಿ ಹೋಟೆಲ್ ಕಿಟಕಿ ನೋಡಿ ಹೊರಡ್ಬೇಡಿ.

ಬೆಳಗ್ಗೆ ಎದ್ದ ತಕ್ಷಣ ಸ್ಪಾಟ್‌ಅಜೋರ್ಸ್ ವೆಬ್‌ಕ್ಯಾಮ್‌ನಲ್ಲಿ ಸೆತೆ ಸಿದಾದೆಸ್ ಲೈವ್ ನೋಡಿ. ಕೆರೆ ಕಾಣ್ತಿದ್ರೆ ತಿಂಡಿ ಆಮೇಲೆ, ಮೊದ್ಲು ಕಾರ್ ಹತ್ತಿ. ಕಾಣ್ತಿಲ್ಲ ಅಂದ್ರೆ ಇನ್ನೊಂದು ಜ್ವಾಲಾಮುಖಿ ಕೆರೆ ಲಾಗೋವಾ ದೊ ಫೋಗೊ ಕಡೆನೂ ಹೋಗ್ಬೇಡಿ, ಅದು ಇನ್ನೂ ಎತ್ತರ, ಪೆಟ್ರೋಲ್ ದಂಡ. ನೇರ ಬಿಸಿನೀರು ಬುಗ್ಗೆಗಳ ಊರು ಫುರ್ನಾಸ್‌ಗೆ ಹೋಗಿ, ಮಧ್ಯಾಹ್ನ 12ರ ಹೊತ್ತಿಗೆ ಅಲ್ಲಿನ ಕೆರೆ ದಡದಲ್ಲಿ ಬಿಸಿ ನೆಲದೊಳಗೆ ಬೇಯಿಸಿದ ಕೊಜಿದೊ ಪಾತ್ರೆಗಳನ್ನ ಎತ್ತೋದು ನೋಡಕ್ಕೆ ಸಿಗುತ್ತೆ (ಸಾಮಾನ್ಯವಾಗಿ ಮಾಂಸದ ಅಡುಗೆ, ಸಸ್ಯಾಹಾರಿಗಳು ನೋಡಿ ಖುಷಿಪಡಿ). ಅಲ್ಲೇ ಇರೋ ತೆರ್ರಾ ನೊಸ್ತ್ರಾ ಪಾರ್ಕ್‌ನ ಬಿಸಿನೀರು ಕೊಳಕ್ಕೆ ಇಳಿಯೋದಾದ್ರೆ ಹಳೇ ಬಟ್ಟೆನೇ ಹಾಕಿ, ನೀರಲ್ಲಿ ಕಬ್ಬಿಣ ಇದೆ, ತುಕ್ಕಿನ ಬಣ್ಣದ ಕಲೆ ಹಿಡಿದ್ರೆ ಹೋಗಲ್ಲ.

ಮೂರು ಗಂಟೆಗೆ ಮತ್ತೆ ಸೆತೆ ಸಿದಾದೆಸ್ ಕ್ಯಾಮ್ ನೋಡಿ. ಮೋಡ ಸರಿಯುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ, ಆದ್ರೂ ಮೇಲೆ ಮುಚ್ಚಿದ್ರೆ ಕೆಳಗೆ ಸೆತೆ ಸಿದಾದೆಸ್ ಊರಿಗೇ ಇಳೀರಿ, ಕೆರೆ ಇರೋದು 260 ಮೀಟರಲ್ಲಿ, ಎಷ್ಟೋ ಸಲ ಮೋಡದ ಕೆಳಗೇ ಇರುತ್ತೆ, ಹಸಿರು-ನೀಲಿ ಎರಡೂ ಕೆರೆ ಮಧ್ಯದ ಸೇತುವೆ ಮೇಲಿಂದ ಕಾಣುತ್ತೆ.