ನೀವು ಕೇಳಿದ್ರಿ: ಠಾಣೆಗೆ ಬಂದ ಜಾರ್ಜಿಯಾದವ್ನು, ಗೋವಾಕ್ಕೆ ಬಂದ ರಾಣಿ

ಹೋದ ಸಂಚಿಕೇಲಿ ಮುಂಬೈ ಹತ್ರದ ವಸಾಯಿಯಲ್ಲಿ ಹುಟ್ಟಿ 1597ರಲ್ಲಿ ಜಪಾನಿನ ನಾಗಸಾಕಿಯಲ್ಲಿ ಶಿಲುಬೆಗೇರಿದ ಗೊನ್ಸಾಲೊ ಗಾರ್ಸಿಯಾ ಬಗ್ಗೆ ನಾಲ್ಕು ಸಾಲು ಬರ್ದಿದ್ದೇ ತಡ, ಇಂಥ ಹೆಸರು ಕೇಳದ ಜನರ ಬಗ್ಗೆ ಇನ್ನೂ ಹೇಳಿ ಅಂತ ಪ್ರಶ್ನೆಗಳು ಬಂದು ಬಿದ್ದಿವೆ. ಆದಷ್ಟಕ್ಕೆ ಉತ್ತರ ಕೊಡ್ತೀನಿ.

ದಿನಾ ಠಾಣೆ ಸ್ಟೇಷನ್ನಲ್ಲಿ ಟ್ರೈನ್ ಬದಲಾಯಿಸ್ತೀನಿ. ಪೋರ್ಚುಗೀಸರಿಗಿಂತ ಮುಂಚೇನೇ ಇಲ್ಲಿ ಪಾದ್ರಿಗಳನ್ನ ಕೊಂದಿದ್ರು ಅಂತ ಆಫೀಸಲ್ಲಿ ಒಬ್ರು ಹೇಳಿದ್ರು. ವಾಸ್ಕೋ ಡ ಗಾಮ ಬಂದಿದ್ದೇ 1498ಕ್ಕೆ, ಅದಕ್ಕೂ ಮುಂಚೆ ಯಾವ ಪಾದ್ರಿ ಸಾರ್? (ಡೊಂಬಿವಲಿ ಓದುಗರು)

ನಿಮ್ಮ ಆಫೀಸಿನವ್ರು ಸರಿಯಾಗೇ ಹೇಳಿದ್ದಾರೆ. 1321ರ ಏಪ್ರಿಲ್, ಅಂದ್ರೆ ಗಾಮನಿಗಿಂತ 177 ವರ್ಷ ಮುಂಚೆ. ಟೊಲೆಂಟಿನೊದ ಥಾಮಸ್, ಪಡುವಾದ ಜೇಮ್ಸ್, ಸಿಯೆನಾದ ಪೀಟರ್, ಈ ಮೂವರು ಇಟಲಿಯ ಫ್ರಾನ್ಸಿಸ್ಕನ್ ಅನ್ನೋ ಸನ್ಯಾಸಿ ಪಂಥದವ್ರು, ನಾಲ್ಕನೆಯವ್ನು ಡಿಮಿಟ್ರಿಯಸ್, ಜಾರ್ಜಿಯಾ ದೇಶದ ಟಿಬಿಲಿಸಿಯವ್ನು, ನಾಲ್ಕಾರು ಭಾಷೆ ಗೊತ್ತಿದ್ದೋನು ಅಂತ ಜೊತೆಗೆ ಬಂದಿದ್ದ. ಹೊರ್ಮುಜ್‌ನಲ್ಲಿ ಇವ್ರು ಹಡಗು ಹತ್ತಿದ್ದು ಕೊಲ್ಲಂಗೆ ಅಂತ, ಇಳಿದಿದ್ದು ಠಾಣೇಲಿ. ಆಗ್ಲೇ ಅಲ್ಲಿ ನೆಸ್ಟೋರಿಯನ್ ಅನ್ನೋ ಪೂರ್ವದೇಶದ ಪಂಥದ ಕ್ರೈಸ್ತರ ಹದಿನೈದು ಮನೆ ಇದ್ವಂತೆ, ಅದ್ರಲ್ಲೊಂದು ಮನೇಲಿ ಉಳ್ಕೊಂಡ್ರು.

ಆ ಮನೆ ಯಜಮಾನ ಒಂದಿನ ಹೆಂಡ್ತಿಗೆ ಹೊಡ್ದ. ಆಕೆ ಸೀದಾ ಖಾಜಿ ಹತ್ರ ಹೋಗಿ ದೂರು ಕೊಟ್ಲು, ಸಾಕ್ಷಿ ಯಾರಮ್ಮಾ ಅಂದ್ರೆ ನಮ್ಮನೇಲಿರೋ ಪರದೇಶಿ ಸನ್ಯಾಸಿಗಳು ನೋಡಿದ್ದಾರೆ ಅಂದ್ಲು. ಸಾಕ್ಷಿ ಹೇಳೋಕೆ ಕರೆಸಿದವ್ರ ಜೊತೆ ಮಾತು ಮತದ ವಾದಕ್ಕೆ ತಿರುಗಿ, ಏಪ್ರಿಲ್ 9ಕ್ಕೆ ಮೂವರ ತಲೆ ಹೋಯ್ತು. ಪೀಟರ್ ಅವತ್ತು ಸಾಮಾನು ಕಾಯ್ತಾ ಮನೇಲೇ ಇದ್ದ, ಅವನನ್ನ 11ಕ್ಕೆ ಕೊಂದ್ರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಬಡವಾಗಿದ್ದು ಮನೆಗೆ ಬಂದ ನೆಂಟರು.

ಇವ್ರ ಜೊತೆ ಬಂದಿದ್ದ ಜೋರ್ಡಾನಸ್ ಅನ್ನೋ ಡೊಮಿನಿಕನ್ ಪಾದ್ರಿ ಅವತ್ತು ಊರಲ್ಲಿರ್ಲಿಲ್ಲ, ಹಾಗಾಗಿ ಬಚಾವ್. ಅವ್ರೇ ಹೆಣಗಳನ್ನ ಸೊಪಾರಾಕ್ಕೆ ಒಯ್ದು ಮಣ್ಣು ಮಾಡಿದ್ರು, ಹೌದು, ನಮ್ಮ ನಾಲಾಸೊಪಾರಾನೇ. ಮುಂದೆ 1329ರಲ್ಲಿ ಪೋಪ್ ಅವ್ರನ್ನ ಕೊಲ್ಲಂ ಬಿಷಪ್ ಮಾಡಿದ್ರು. ಸಮಾಧಿ ಹುಡುಕ್ಕೊಂಡು ಮಾತ್ರ ನಾಲಾಸೊಪಾರಾಕ್ಕೆ ಹೋಗ್ಬೇಡಿ, ಸ್ವಲ್ಪ ವರ್ಷಕ್ಕೇ ಒಡೊರಿಕ್ ಅನ್ನೋ ಇನ್ನೊಬ್ಬ ಸನ್ಯಾಸಿ ಬಂದು ಆ ಮೂಳೆಗಳನ್ನ ಅಗೆದು, ಬಟ್ಟೇಲಿ ಕಟ್ಕೊಂಡು ಚೀನಾಕ್ಕೆ ತಗೊಂಡು ಹೋದ್ರು. ಜಗಳದ ಕತೆ ನಮಗೆ ಸಿಕ್ಕಿದ್ದೂ ಅವ್ರ ಬರಹದಿಂದ್ಲೇ.

ಹಳೇ ಗೋವಾದಲ್ಲಿ ಮುರಿದ ಗೋಪುರದ ಹತ್ರ ಕೆಲವು ವಿದೇಶಿಯರು ಕಣ್ಣೀರು ಹಾಕ್ತಾ ನಿಂತಿದ್ರು. ಕೇಳಿದ್ರೆ ಜಾರ್ಜಿಯಾ ಅಂದ್ರು, ನಮ್ಮ ರಾಣಿ ಅಂದ್ರು. ಅಮೆರಿಕದ ಜಾರ್ಜಿಯಾಕ್ಕೆ ರಾಣಿ ಎಲ್ಲಿಂದ? (ವಾಸ್ಕೋ ಓದುಗರು)

ಅಮೆರಿಕದ್ದಲ್ಲ ಮಾರಾಯ್ರೇ, ಮೇಲೆ ಬಂದ ಡಿಮಿಟ್ರಿಯಸ್‌ನ ದೇಶಾನೇ! ರಾಣಿ ಹೆಸ್ರು ಕೆಟೆವಾನ್, ಕಾಖೇತಿ ರಾಜ್ಯದವ್ಳು. ಮಗನ ಪರವಾಗಿ ಸಂಧಾನಕ್ಕೆ ಅಂತ ಪರ್ಷಿಯಾದ ಷಾ ಅಬ್ಬಾಸ್ ಹತ್ರ ಹೋದೋಳನ್ನ ಅವ್ನು ವಾಪಸ್ ಕಳಿಸ್ಲೇ ಇಲ್ಲ, ವರ್ಷಗಟ್ಲೆ ಶಿರಾಜ್‌ನಲ್ಲಿ ಸೆರೆ ಇಟ್ಟು, ಮತ ಬಿಡಲ್ಲ ಅಂದಿದ್ದಕ್ಕೆ 1624ರಲ್ಲಿ ಕಾದ ಕಬ್ಬಿಣದಿಂದ ಹಿಂಸೆ ಕೊಟ್ಟು ಕೊಂದ. ಅಲ್ಲಿದ್ದ ಅಗಸ್ಟೀನಿಯನ್ ಪಾದ್ರಿಗಳು ಗುಟ್ಟಾಗಿ ಮೂಳೆ ತೆಗೆದು, ಒಂದಿಷ್ಟನ್ನ 1627ರಲ್ಲಿ ಗೋವಾದ ತಮ್ಮ ಮಠಕ್ಕೆ ತಂದಿಟ್ರು.

ನೀವು ನೋಡಿದ ಗೋಪುರ ಆ ಮಠದ ಇಗರ್ಜಿಯದ್ದೇ. 1835ರಲ್ಲಿ ಪಾದ್ರಿಗಳನ್ನ ಹೊರಗೆ ಹಾಕಿದ ಮೇಲೆ ನೋಡ್ಕೊಳ್ಳೋರಿಲ್ದೆ 1842ರಲ್ಲಿ ಮಾಡು ಕುಸೀತು, ಈಗ ಉಳಿದಿರೋದು ಆಕಾಶಕ್ಕೆ ಎದ್ದಿರೋ ಅರ್ಧ ಗೋಪುರ, ಬರೀ ಮುರಕಲ್ಲು, ನಮ್ಮೂರ ಪಾಗಾರದಲ್ಲಿ ಕಾಣೋ ಅದೇ ಕೆಂಪು ಮುರಕಲ್ಲು. ಮೂಳೆ ಎಲ್ಲಿಟ್ಟಿದ್ರು ಅಂತ ಹಳೇ ಪೋರ್ಚುಗೀಸ್ ಕಾಗದದಲ್ಲಿ ಇಂಥ ಕೋಣೆ, ಇಂಥ ಕಿಟಕಿ ಅಂತ ಬರ್ದಿತ್ತು. ಅದನ್ನ ಹಿಡ್ಕೊಂಡು ಪುರಾತತ್ವ ಇಲಾಖೆಯವ್ರು ಅಗೆದ್ರು, ಮೂಳೆ ಸಿಕ್ತು, ಆದ್ರೆ ರಾಣೀದೇ ಅಂತ ಹೆಂಗ್ ಹೇಳೋದು? ಹೈದರಾಬಾದಿನ ಸಿಸಿಎಂಬಿ ಲ್ಯಾಬಲ್ಲಿ ಮೂರು ಮೂಳೆಯ ಡಿಎನ್‌ಎ ಟೆಸ್ಟ್ ಮಾಡಿದ್ರು. ಎರಡು ನಮ್ಮ ದೇಶದವ್ರದ್ದು, ಒಂದು ಮಾತ್ರ ಜಾರ್ಜಿಯಾ ಜನರಲ್ಲಿ ಕಾಣೋ, ಇಲ್ಲಿ ಕಾಣದ ಗುಂಪಿಗೆ ಸೇರಿದ್ದು. 2021ರ ಜುಲೈಯಲ್ಲಿ ವಿದೇಶಾಂಗ ಮಂತ್ರಿ ಜೈಶಂಕರ್ ಖುದ್ದಾಗಿ ಟಿಬಿಲಿಸಿಗೆ ಹೋಗಿ ಅದ್ರ ಒಂದು ಭಾಗ ಕೊಟ್ಟು ಬಂದ್ರು. ಎಲ್ರೂ ಬೊಮ್ ಜೀಸಸ್ ಇಗರ್ಜಿಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ದೇಹ ನೋಡಿ ಫೋಟೋ ತೆಗ್ದು ಬಸ್ ಹತ್ತಿಬಿಡ್ತಾರೆ, ಇಲ್ಲೇ ಪಕ್ಕದಲ್ಲಿರೋ ಈ ಏರು ಹತ್ತೋರು ಕಮ್ಮಿ. ನಾನೂ ಎರಡು ಸಲ ಹತ್ತಿರ್ಲಿಲ್ಲ ಅನ್ನಿ.

1640ರಲ್ಲಿ ಗೋವಾದಲ್ಲಿ ಕನ್ನಡ ವ್ಯಾಕರಣ ಅಚ್ಚಾಗಿತ್ತಂತೆ, ನಿಜಾನಾ? (ಮಾಟುಂಗಾ ಓದುಗರು)

ಹೆಸರು ನೋಡಿ ಮೋಸ ಹೋಗ್ಬೇಡಿ. ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಜೆಸುಯಿಟ್ ಪಾದ್ರಿ ಬರ್ದಿದ್ದು, ರಾಚೋಲ್‌ನಲ್ಲಿ ಅಚ್ಚಾಗಿದ್ದು, ಹೆಸರಲ್ಲಿ 'ಕನಾರಿಂ' ಅಂತಾನೂ ಇದೆ. ಆದ್ರೆ ಪೋರ್ಚುಗೀಸರು ಹಾಗಂತಿದ್ದದ್ದು ಕೊಂಕಣಿಗೆ. ನಮ್ದಲ್ಲ, ಬಿಟ್ಬಿಡಿ.

ಬರೀ ಹೊರಗಿನವ್ರದ್ದೇ ಆಯ್ತು, ನಮ್ಮ ಕಡೆಯವ್ರು ಯಾರೂ ಇಲ್ವಾ? (ಪುಣೆ ಓದುಗರು)

ನಿಮ್ಮ ಊರಿಂದ ಸೋಲಾಪುರದ ದಾರೀಲಿ ಕೇಡಗಾಂವ್ ಸಿಗುತ್ತಲ್ಲ, ಅಲ್ಲಿ ವಿಧವೆಯರಿಗೆ, ಅನಾಥ ಹೆಣ್ಮಕ್ಕಳಿಗೆ ಆಸರೆಯಾಗಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ತುಂಗಾ ಭದ್ರಾ ಹುಟ್ಟೋ ಗಂಗಾಮೂಲದಲ್ಲಿ. ಅಪ್ಪ ಅನಂತಶಾಸ್ತ್ರಿಗಳು ಕಾರ್ಕಳದ ಹತ್ರ ಮಾಳದವ್ರು, ಹೆಂಡ್ತಿಗೆ ಸಂಸ್ಕೃತ ಕಲಿಸಿದ್ರು ಅಂತ ಊರವ್ರ ಬಾಯಿಗೆ ಬಿದ್ದು ಕಾಡಲ್ಲಿ ಮನೆ ಮಾಡಿದ್ದೋರು. ಇಂಥ ಮನೆ ಹುಡ್ಗಿ ಮುಂದೆ ಕ್ರೈಸ್ತಳಾಗಿ, ಹೀಬ್ರೂ ಗ್ರೀಕ್ ಕಲ್ತು, ಇಡೀ ಬೈಬಲನ್ನ ಸಾಮಾನ್ಯ ಹೆಂಗಸ್ರಿಗೂ ಅರ್ಥ ಆಗೋ ಮರಾಠಿಗೆ ತಂದ್ರು. ಅಚ್ಚುಮೊಳೆ ಜೋಡಿಸಿದ್ದು ಕೂಡ ಕೇಡಗಾಂವಿನ ಆ ಹೆಣ್ಮಕ್ಕಳೇ. ಪುಸ್ತಕ ಬಂದಿದ್ದು 1924ರಲ್ಲಿ, ರಮಾಬಾಯಿ ತೀರ್ಕೊಂಡು ಆಗ ಎರಡು ವರ್ಷ.