ಲೇಸಿಗೆ ಹಿಡಿದ ಗಂಟೆಗಳನ್ನು ಬರೆದಿಡಿ

ಓದುಗರ ಪತ್ರ: ನಾನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೇನೆ. ತವರು ಶಿವಮೊಗ್ಗ. ಇಲ್ಲಿ ವಸಂತ ಬರುವ ಹೊತ್ತಿಗೇ ಯುಗಾದಿ. ಆರು ವರ್ಷದ ಮಗಳಿಗೆ ಬಿಳಿ ಲೇಸಿನ ಫ್ರಾಕ್ ಹೊಲಿಯಬೇಕು, ಲೇಸನ್ನೂ ನಾನೇ ಕ್ರೋಶಾದಲ್ಲಿ ಹಾಕಬೇಕು ಅಂತ ಆಸೆ. ಹೇಗೂ ಮನೆಯಲ್ಲಿ ಖಾಲಿ ಕೂತವಳು. ಗೆಳತಿಯರು ‘ಲೇಸಿನ ಊರಲ್ಲೇ ಇದ್ದೀಯ, ಮೀಟರ್ ಲೆಕ್ಕದಲ್ಲಿ ತಂದು ಹೊಲಿದುಬಿಡು, ಮಗು ಒಂದು ವರ್ಷದಲ್ಲಿ ಬೆಳೆದುಬಿಡುತ್ತೆ’ ಅನ್ನುತ್ತಾರೆ. ಇಷ್ಟು ಹೊತ್ತು ಹಾಕುವುದು ಸರಿಯಾ?

ಸಂಪಾದಕರ ಉತ್ತರ: ಸರಿ. ಖಂಡಿತ ಹಾಕಿ. ಗೆಳತಿಯರ ಮಾತು ತೀರಾ ತಪ್ಪೇನಲ್ಲ. ಯಂತ್ರದ ಲೇಸು ಅಗ್ಗ, ಬೇಗ ಸಿಗುತ್ತದೆ, ನೋಡಲೂ ಚೆನ್ನ. ನಿಮ್ಮ ಪಕ್ಕದ ಇಲ್ಕೆಸ್ಟನ್‌ನಲ್ಲಿ ಲೀವರ್ಸ್ ಎಂಬ ಹಳೇ ಲೇಸು ನೇಯುವ ಯಂತ್ರಗಳನ್ನು ಉಳಿಸಿಕೊಂಡು ಬಂದವರಿದ್ದಾರೆ. ಅದೂ ಕಸುಬೇ, ಅವರ ಮೇಲೆ ನನಗೆ ಗೌರವವಿದೆ.

ಆದರೆ ನಿಮ್ಮ ಪತ್ರದ ಒಂದು ಮಾತು ನನ್ನನ್ನು ಚುಚ್ಚಿತು. ‘ಖಾಲಿ ಕೂತವಳು’ ಅಂತ ಬರೆದಿದ್ದೀರಿ. ಆರು ವರ್ಷದ ಮಗು, ಅಡುಗೆ, ಮನೆ, ಪರದೇಶದ ಚಳಿ, ಇದರ ನಡುವೆ ಕಡ್ಡಿ ದಾರ ಹಿಡಿಯುವವರು ಖಾಲಿ ಕೂತವರು ಹೇಗಾಗುತ್ತಾರೆ ತಾಯೀ? ಕೋಪ ನಿಮ್ಮ ಮೇಲಲ್ಲ. ನಮ್ಮ ಹೆಣ್ಣುಮಕ್ಕಳು ತಮ್ಮ ಬಗ್ಗೆ ತಾವೇ ಹೀಗೆ ಹೇಳಿಕೊಳ್ಳುವ ಹಾಗೆ ಮಾಡಿದವರ ಮೇಲೆ.

ನಮ್ಮ ಚಿಕ್ಕಮ್ಮ ಒಬ್ಬರು ಕ್ರೋಶಾದಲ್ಲಿ ಎತ್ತಿದ ಕೈ. ಲಂಗದ ಅಂಚು, ಬಾಗಿಲ ತೋರಣ, ರೇಡಿಯೋ ಮೇಲಿನ ಹೊದಿಕೆ, ಎಲ್ಲ ಅವರೇ ಹಾಕಿದ್ದು. ಬೀದಿಯಲ್ಲಿ ಯಾರಿಗೆ ಹೆಣ್ಣುಮಗು ಹುಟ್ಟಿದರೂ ‘ಫ್ರಾಕಿಗೆ ಒಂದಿಷ್ಟು ಲೇಸು ಹಾಕಿಕೊಡಿ’ ಅಂತ ಬರುತ್ತಿದ್ದರು. ಅದೇ ಫ್ರಾಕನ್ನು ಒಂದು ಮಧ್ಯಾಹ್ನದಲ್ಲಿ ಹೊಲಿದ ದರ್ಜಿಗೆ ಕೂಲಿ ಎಣಿಸಿ ಕೊಡುತ್ತಿದ್ದರು. ಚಿಕ್ಕಮ್ಮ ವಾರಗಟ್ಟಲೆ ಕೂತು ಹಾಕಿದ ಲೇಸಿಗೆ ಎಲೆ ಅಡಿಕೆ, ಬಾಳೆಹಣ್ಣು, ಒಂದೆರಡು ಹೊಗಳಿಕೆ. ಎಷ್ಟೋ ಸಲ ದಾರದ ದುಡ್ಡೂ ಅವರದೇ. ಕೂಲಿ ಕೇಳಬಹುದು ಅನ್ನುವುದು ಅವರಿಗಾಗಲಿ ಕೇಳಲು ಬಂದವರಿಗಾಗಲಿ ಹೊಳೆಯಲೇ ಇಲ್ಲ.

ಇದು ನಮ್ಮ ಬೀದಿಯ ಕಥೆ ಮಾತ್ರ ಅಲ್ಲ. ಆಂಧ್ರದ ಗೋದಾವರಿ ತೀರದ ನರಸಾಪುರದ ಹೆಸರು ಕೇಳಿರುತ್ತೀರಿ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಅಲ್ಲಿನ ಹೆಂಗಸರಿಗೆ ಕ್ರೋಶಾ ಲೇಸು ಕಲಿಸಿದರು. ಆ ಲೇಸು ಸಮುದ್ರ ದಾಟಿ ಹೋಯಿತು. 1970ರ ದಶಕದ ಕೊನೆಯಲ್ಲಿ ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿಗೆ ಹೋಗಿ ಅಧ್ಯಯನ ಮಾಡಿದರು. ಅಡುಗೆ, ನೀರು, ಮಕ್ಕಳು ಎಲ್ಲ ಮುಗಿಸಿ ಆ ಹೆಂಗಸರು ದಿನಕ್ಕೆ ಆರೆಂಟು ಗಂಟೆ ಲೇಸು ಹಾಕುತ್ತಿದ್ದರು. ವ್ಯಾಪಾರ ಗಂಡಸರ ಕೈಯಲ್ಲಿತ್ತು, ಲಾಭವೂ ಅಲ್ಲೇ ನಿಲ್ಲುತ್ತಿತ್ತು. ಲೇಸು ಹಾಕಿದವರನ್ನು ಕೆಲಸಗಾರರು ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯಲ್ಲಿರುವ ಗೃಹಿಣಿಯರು, ಹೊತ್ತು ಹೋಗದೆ ಮಾಡುತ್ತಾರೆ ಅಷ್ಟೆ, ಎಂಬ ಲೆಕ್ಕ. 2024ರಲ್ಲಿ ನರಸಾಪುರದ ಲೇಸಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಎಂಬ ಸರ್ಕಾರಿ ಗುರುತು, ಬಂತು. ಸಂತೋಷ. ಆದರೆ ಟ್ಯಾಗ್ ಬಂದಿದ್ದು ಲೇಸಿಗೆ. ಅದನ್ನು ಹಾಕಿದವಳ ಕೂಲಿ ಅದರಿಂದ ತಾನಾಗಿ ಏರುವುದಿಲ್ಲ.

ನೀವಿರುವ ಕಡೆಯೂ ಇದೇ ಕಥೆಯ ಇನ್ನೊಂದು ತುದಿ ಇದೆ. ಜಾನ್ ಹೀತ್‌ಕೋಟ್ 1809ರಲ್ಲಿ ಲೇಸಿನ ಬಲೆ ನೇಯುವ ಬಾಬಿನೆಟ್ ಯಂತ್ರಕ್ಕೆ ಪೇಟೆಂಟ್ ಪಡೆದರು. 1816ರಲ್ಲಿ ಲಡ್ಡೈಟರು, ಅಂದರೆ ಯಂತ್ರಗಳಿಂದ ಹೊಟ್ಟೆಪಾಡು ಹೋಗುತ್ತದೆ ಅಂತ ಸಿಟ್ಟಿಗೆದ್ದ ಕೆಲಸಗಾರರು, ನಿಮ್ಮ ಹತ್ತಿರದ ಲಾಫ್‌ಬರೋದಲ್ಲಿದ್ದ ಅವರ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದರು. ಹೀತ್‌ಕೋಟ್ ಗಂಟುಮೂಟೆ ಕಟ್ಟಿಕೊಂಡು ಡೆವನ್‌ನ ಟಿವರ್ಟನ್‌ಗೆ ಹೋದರು. ಡೆವನ್ ಅಂದರೆ ಹಾನಿಟನ್ ಎಂಬ ಕೈಲೇಸಿನ ಸೀಮೆ. ಯಂತ್ರದ ಬಲೆ ಬಂದ ಮೇಲೆ ಕೈಲೇಸಿನವರ ಹೊಟ್ಟೆಗೆ ಏಟು ಬಿತ್ತು. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಹಾನಿಟನ್ ಲೇಸನ್ನೇ ಉಟ್ಟಳು. ಅದನ್ನು ಮಾಡಿಕೊಡಲು ಡೆವನ್‌ನ ಬಿಯರ್ ಎಂಬ ಹಳ್ಳಿಯ ಸುತ್ತಮುತ್ತ 200ಕ್ಕೂ ಹೆಚ್ಚು ಹೆಂಗಸರಿಗೆ ಕೆಲಸ ಸಿಕ್ಕಿತು.

ಆ ರಾಣಿ ಆ ಲೇಸನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. ಮುಂದೆ ಮನೆಯ ಶುಭಕಾರ್ಯಗಳಲ್ಲಿ ಮತ್ತೆ ಮತ್ತೆ ತೊಟ್ಟಳು. ಹಿಂದಿನವರು ಲೇಸನ್ನು ಹಾಗೇ ನೋಡಿದರು. ಬಟ್ಟೆ ಸವೆದರೆ ಲೇಸನ್ನು ಬಿಚ್ಚಿ ಹೊಸ ಬಟ್ಟೆಗೆ ಹಚ್ಚುತ್ತಿದ್ದರು. ಮಗು ಬೆಳೆದುಬಿಡುತ್ತೆ ಅನ್ನುವ ಗೆಳತಿಗೆ ಇದನ್ನೇ ಹೇಳಿ. ಮಗು ಬೆಳೆಯಲಿ, ಲೇಸು ಮುಂದಿನ ಫ್ರಾಕಿಗೆ ಹೋಗುತ್ತದೆ.

ಅದಕ್ಕೆ ತಕ್ಕ ಹಾಗೆ ಹೊಲಿಯಿರಿ. ಇಡೀ ಫ್ರಾಕನ್ನು ಲೇಸಿನಲ್ಲೇ ಮಾಡಲು ಹೋಗಬೇಡಿ, ಯುಗಾದಿಗೆ ಮುಗಿಯದು. ಎದೆಯ ಯೋಕ್, ತೋಳಿನ ತುದಿ, ಕೆಳಗಿನ ಅಂಚು ಸಾಕು. ಉಳಿದಿದ್ದು ಮೆತ್ತನೆಯ ಮಲ್ ಬಟ್ಟೆ ಇರಲಿ. 20 ನಂಬರಿನ ಮರ್ಸರೈಸ್ಡ್ (ಹೊಳಪು ಕೊಟ್ಟ) ಹತ್ತಿ ದಾರ, 1.25 ಮಿಲಿಮೀಟರ್ ಕಡ್ಡಿ ಸರಿಹೋಗುತ್ತದೆ. ಮೊದಲು ಅಂಗೈಯಷ್ಟು ತುಂಡು ಹಾಕಿ, ಒಗೆದು, ಎಷ್ಟು ಕುಗ್ಗಿತು ನೋಡಿ. ಬಟ್ಟೆಯನ್ನೂ ಕತ್ತರಿಸುವ ಮುಂಚೆ ಒಗೆಯಿರಿ. ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಒಂದು ಎಳೆದು ಇನ್ನೊಂದು ಸುಕ್ಕಾಗುತ್ತದೆ. ಮುಗಿದ ಲೇಸನ್ನು ಒದ್ದೆ ಮಾಡಿ ದಪ್ಪ ಟವೆಲ್ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸಿ, ಆಗಲೇ ಹೂವುಗಳು ಬಿಡಿಸಿಕೊಳ್ಳುವುದು. ಬಟ್ಟೆಗೆ ಹಚ್ಚುವಾಗ ಮಾತ್ರ ಮಿಷನ್ ಬೇಡ. ಕೈಹೊಲಿಗೆ ಹಾಕಿ, ಬಿಚ್ಚಲು ಸುಲಭ. ಹೊತ್ತು ಸಾಲದಿದ್ದರೆ ಹಾನಿಟನ್‌ನವರೇ ಕಂಡುಕೊಂಡ ದಾರಿ ಇದೆ. ಹೂವುಗಳನ್ನಷ್ಟೇ ಕೈಯಲ್ಲಿ ಮಾಡಿ ಯಂತ್ರದ ಹತ್ತಿ ಬಲೆಯ ಮೇಲೆ ಕೂರಿಸುವುದು. ನಾಟಿಂಗ್‌ಹ್ಯಾಮ್‌ನಲ್ಲಿದ್ದುಕೊಂಡು ಹಾಗೆ ಮಾಡಿದರೆ ಚೆಂದವೇ.

ಫ್ರಾನ್ಸಿನ ಅಲೆನ್ಸಾನ್‌ನಲ್ಲಿ ಸೂಜಿಯಲ್ಲೇ ಮಾಡುವ ಲೇಸಿದೆ. 2010ರಲ್ಲಿ ಆ ಕಸುಬು ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಒಂದು ಚದರ ಸೆಂಟಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು ಲೇಸಿಗೆ ಏಳು ಗಂಟೆ ಹಿಡಿಯುತ್ತದೆ. ಪೂರ್ತಿ ಕಲಿಯಲು ಏಳರಿಂದ ಹತ್ತು ವರ್ಷ. ಅಲ್ಲಿ ಆ ಗಂಟೆಗಳನ್ನು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮಲ್ಲಿ ಯಾರು ಹೇಳುತ್ತಾರೆ? ಮದುವೆಗೆ ಸಾವಿರಾರು ರೂಪಾಯಿಯ ಸೀರೆ ತರುತ್ತೇವೆ. ಅದರ ಸೆರಗಿಗೆ ಕ್ರೋಶಾ ಕುಚ್ಚು ಕಟ್ಟುವ ಹೆಂಗಸಿನ ಹತ್ತಿರ ನೂರು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಆಕೆ ಮನೆಯಲ್ಲಿ ಕೂತು ಕಟ್ಟುತ್ತಾಳೆ, ಅದಕ್ಕೇ ಈ ಧೈರ್ಯ. ಅದೇ ಕುಚ್ಚು ಅಂಗಡಿಯ ಗಾಜಿನ ಹಿಂದೆ ತೂಗಿದರೆ ಬಾಯಿ ಮುಚ್ಚಿಕೊಂಡು ಕೊಟ್ಟು ಬರುತ್ತೇವೆ. ಶಾಲೆಯಲ್ಲಿ ಹೊಲಿಗೆ ಟೀಚರ್ ಅಂತ ಒಬ್ಬರಿರುತ್ತಿದ್ದರು. ಅವರ ಪೀರಿಯಡ್ಡನ್ನು ಪರೀಕ್ಷೆ ಹತ್ತಿರ ಬಂದರೆ ಗಣಿತಕ್ಕೆ ಕೊಡುತ್ತಿದ್ದರು, ಆಮೇಲೆ ವರ್ಷಪೂರ್ತಿ ಕೊಟ್ಟರು. ಹಾಗೆ ಬೆಳೆದ ಮಗುವಿಗೆ ಒಂದು ಗುಂಡಿ ಹಚ್ಚಲು ಬರುವುದಿಲ್ಲ. ಒಂದು ಗೇಣು ಲೇಸಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಗೊತ್ತಿಲ್ಲದವರೇ ನಾಳೆ ಚೌಕಾಸಿ ಮಾಡುವುದು.

ನಿಮ್ಮಲ್ಲಿ ಒಂದು ಕೋರಿಕೆ. ಮೊದಲ ಗಂಟು ಹಾಕಿದ ದಿನದಿಂದ ಒಂದು ಪುಸ್ತಕದಲ್ಲಿ ಗಂಟೆಗಳನ್ನು ಬರೆದಿಡಿ. ಬಿಚ್ಚಿ ಮತ್ತೆ ಹಾಕಿದ್ದೂ ಸೇರಲಿ. ಸಾಧ್ಯವಾದರೆ ಮಗಳ ಕೈಯಲ್ಲೇ ಬರೆಸಿ, ಕನ್ನಡ ಅಂಕಿಯೂ ರೂಢಿಯಾದೀತು. ಫ್ರಾಕಿನ ಫೋಟೋ ಜೊತೆ ಆ ಪುಟವನ್ನೂ ಕಳಿಸಿ. ಎರಡನ್ನೂ ಒಂದೇ ಅಳತೆಯಲ್ಲಿ ಅಚ್ಚು ಹಾಕುತ್ತೇವೆ.