ಮೆತ್ತಗಿನ ಬುಷ್ ಉಳೀತು, ಗಟ್ಟಿ ಶಾಫ್ಟ್ ಸವೀತು, ಯಾಕೆ?

ಪ್ರಶ್ನೆ: ಸರ್, ಸುಂಟಿಕೊಪ್ಪದ ಹತ್ರ ನಮ್ದೊಂದು ಸಣ್ಣ ಹಲ್ಲಿಂಗ್ ಯೂನಿಟ್ ಇದೆ, ಒಣಗಿದ ರೋಬಸ್ಟಾ ಕಾಫಿ ಹಣ್ಣು (ಚೆರ್ರಿ) ಹೊಡೆದು ಸಿಪ್ಪೆ ಬಿಡಿಸ್ತೀವಿ. ಮೊದ್ಲೆಲ್ಲ ಎರಡು ಸೀಸನ್ ಬರ್ತಿದ್ದ ಬ್ಲೇಡು ಈಗ ಒಂದಕ್ಕೇ ಸವೆದು ಹೋಗ್ತಿದೆ. ತಿರುಗೋ ಶಾಫ್ಟ್ ಮೇಲೂ ಸುತ್ತ ಗೀರು, ಆದ್ರೆ ಅದನ್ನ ಹಿಡಿದಿರೋ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್, ಅಂದ್ರೆ ಕೊಳವೆ ಥರದ ಬೇರಿಂಗ್, ಚೆನ್ನಾಗೇ ಇದೆ. ಕಬ್ಬಿಣಾನೇ ಕಳಪೆನಾ?

ಉತ್ತರ: ಕಬ್ಬಿಣ ಬದಲಾಯ್ಸೋಕೆ ಮುಂಚೆ, ಹಾಪರ್‌ಗೆ ಹಾಕೋ ಚೆರ್ರಿ ಎರಡು ಬೊಗಸೆ ತಗೊಂಡು ಬಕೆಟ್ ನೀರಲ್ಲಿ ತೊಳೀರಿ, ತಳದಲ್ಲಿ ಕೂತಿದ್ದನ್ನ ಹಳೇ ಬಾಟ್ಲಿ ಮೇಲೆ ಒತ್ತಿ ಉಜ್ಜಿ. ಗಾಜಿಗೆ ಗೀರು ಬಿತ್ತಾ, ನಿಮ್ಮ ಬ್ಲೇಡ್ ತಿಂತಿರೋದು ಅದೇ, ಮರಳು. ರೈತರು ಮಣ್ಣಿನ ಅಂಗಳದಲ್ಲಿ ಒಣಗಿಸ್ತಾ ಇರ್ತಾರೆ, ಮೋಡ ಕಂಡ ತಕ್ಷಣ ಗಾಬ್ರಿಯಲ್ಲಿ ಗುಡಿಸಿ ಚೀಲಕ್ಕೆ ತುಂಬ್ತಾರೆ, ಅದ್ರ ಜೊತೆ ಮರಳೂ ಬರ್ತದೆ, ಅವ್ರನ್ನ ದೂರೋ ಹಾಗೂ ಇಲ್ಲ. ವಿಕರ್ಸ್ ಅಳತೆಯಲ್ಲಿ ಮರಳಿನ ಗಟ್ಟಿತನ ಸುಮಾರು 1000, ಮೈಲ್ಡ್ ಸ್ಟೀಲ್‌ದು 150ರ ಆಸುಪಾಸು, ಚೆನ್ನಾಗಿ ಹದ ಮಾಡಿದ ಸ್ಟೀಲ್ ಕೂಡ 700–800. ಹಾಗಾಗಿ ಒಂದೊಂದು ಕಣವೂ ನೇಗಿಲಿನ ಥರ ಕಬ್ಬಿಣಾನ ಉತ್ಕೊಂಡು ಹೋಗ್ತದೆ, ಸವೆದ ಬ್ಲೇಡನ್ನ ಬಿಸಿಲಿಗೆ ಓರೆ ಹಿಡಿದ್ರೆ ಒಂದೇ ದಿಕ್ಕಿಗೆ ಸಾಲು ಸಾಲು ಗೀರು ಕಾಣ್ತದೆ.

ಈಗ ಶಾಫ್ಟ್ ವಿಷ್ಯ, ಇದನ್ನ ತುಂಬಾ ಜನ ಗಮನಿಸೋದೇ ಇಲ್ಲ. ಎಮರಿ ಪೇಪರಲ್ಲಿ ಕಾಗದ ಮೆತ್ತಗೇ ತಾನೇ ಇರೋದು, ಆದ್ರೂ ಅದಕ್ಕಂಟಿದ ಕಣ ಕಬ್ಬಿಣ ತಿನ್ನಲ್ವಾ? ನಿಮ್ಮ ಬುಷ್ ಒಳಗೂ ಅದೇ ಆಗಿರೋದು. ಮರಳಿನ ಕಣ ಮೆತ್ತಗಿನ ಗನ್‌ಮೆಟಲ್‌ನಲ್ಲಿ ಅರ್ಧ ಹೂತು ಅಲ್ಲೇ ಗಟ್ಟಿಯಾಗಿ ಕೂತ್ಬಿಡ್ತದೆ, ತಿರುಗೋ ಶಾಫ್ಟನ್ನ ದಿನವಿಡೀ ಉಜ್ತಾನೇ ಇರ್ತದೆ. ಗ್ರೀಸ್‌ಗೆ ಧೂಳು ಸೇರಿದ್ರೂ ಅದು ಗ್ರೈಂಡಿಂಗ್ ಪೇಸ್ಟೇ, ಆದ್ರಿಂದ ಗ್ರೀಸ್ ಗನ್ ಇಡೋಕೆ ಮುಂಚೆ ಗ್ರೀಸ್ ಒಳಗೆ ಹೋಗೋ ನಿಪ್ಪಲ್ ಒರೆಸಿ.

ಮೊದ್ಲು ಹಾಪರ್ ಮುಂದೆ ಜರಡಿ ಮತ್ತೆ ಡಿಸ್ಟೋನರ್ (ಕಲ್ಲು ಬೇರ್ಪಡಿಸೋ ಮಷೀನು) ಹಾಕಿಸಿ, ರೈತರಿಗೆ ಟಾರ್ಪಾಲ್ ಮೇಲೆ ಒಣಗ್ಸೋಕೆ ಹೇಳಿ, ದುಡ್ಡು ಹಾಕೋದಾದ್ರೆ ಇಲ್ಲೇ ಹಾಕಿ ಅಂತೀನಿ. ಬ್ಲೇಡ್ ಪಟ್ಟಿ ದಪ್ಪ ಇದ್ರೆ ಅಂಚಿಗೆ ಕ್ರೋಮಿಯಂ ಕಾರ್ಬೈಡ್ ಹಾರ್ಡ್‌ಫೇಸಿಂಗ್ ರಾಡ್, ಅಂದ್ರೆ ಮೇಲೆ ಗಟ್ಟಿ ಪದರ ಕೂರಿಸೋ ವೆಲ್ಡಿಂಗ್ ರಾಡ್, ಹೊಡೆಸಬಹುದು, ಅದ್ರೊಳಗಿನ ಕಾರ್ಬೈಡ್ ಮರಳಿಗಿಂತ ಗಟ್ಟಿ. ವೆಲ್ಡಿಂಗ್‌ನವ್ರು ಮ್ಯಾಂಗನೀಸ್ ರಾಡ್ ಸಾಕು ಅಂದ್ರೆ ಒಪ್ಬೇಡಿ. 1882ರಲ್ಲಿ ಇಂಗ್ಲೆಂಡಿನ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಆ ಮ್ಯಾಂಗನೀಸ್ ಸ್ಟೀಲ್ ಕಲ್ಲು ಒಡೆಯೋ ಕ್ರಷರ್‌ಗೆ ಸರಿ, ಜೋರು ಪೆಟ್ಟು ಬಿದ್ರೆ ಮಾತ್ರ ಅದು ಗಟ್ಟಿಯಾಗೋದು, ಬರೀ ಉಜ್ಜಾಟಕ್ಕೆ ಪ್ರಯೋಜನ ಇಲ್ಲ. ಸವೆದ ಕಬ್ಬಿಣದ ಚೂರು ಹಿಡಿಯೋಕೆ ಕಾಫಿ ಹೊರಗೆ ಬರೋ ಕಡೆ ಒಂದು ಮ್ಯಾಗ್ನೆಟ್ ಇರ್ಲಿ.

ಶಾಫ್ಟನ್ನ ಲೇತ್‌ಗೆ ಕೊಟ್ಟು ಸರಿ ಮಾಡಿಸ್ಕೊಂಡು ಬಂದು, ಚೆನ್ನಾಗಿ ಕಾಣ್ತದೆ ಅಂತ ಆ ಹಳೇ ಬುಷ್ಷನ್ನೇ ಮಾತ್ರ ವಾಪಸ್ ಹಾಕ್ಬೇಡಿ.